ಬಲಗಣ್ಣಿನ ಕುಲಾಯಿ

ನಾನೊಂದು ದುರ್ಬೀನು, ಸುಮ್ಮನೆ ಕೂಡುವುದು ನನ್ನ ಜಾಯಮಾನದಲ್ಲೇ ಇಲ್ಲ. ಕಾರ್ಖಾನೆಯಲ್ಲಿ ಗಾಜು ಉಜ್ಜಿ, ಎರಡು ಕೊಳವೆ ಜೋಡಿಸಿ, ನಡುವೆ ತಿರುಗುಚಕ್ರ ಕೂರಿಸಿ ನನ್ನನ್ನು ಪುಣೆಗೆ ಕಳಿಸಿದರು. ಅಲ್ಲಿ ಕುದುರೆ ರೇಸಿನ ಶೋಕಿಲಾಲರೊಬ್ಬರ ಕೊರಳಲ್ಲಿ ಹನ್ನೊಂದು ವರ್ಷ ಜೋತಾಡಿದೆ. ಓಡುವ ಕುದುರೆಗಳನ್ನು ನೋಡಿ ನೋಡಿ ನನ್ನೊಳಗೂ ಒಂದು ಕುದುರೆ ಸೇರಿಕೊಂಡಿತು. ಅದು ಇವತ್ತಿಗೂ ನಿಂತಿಲ್ಲ.

ಅವರು ತೀರಿಕೊಂಡ ಮೇಲೆ ಹಳೆ ಸಾಮಾನಿನ ಅಂಗಡಿ. ಅಲ್ಲಿಂದ ಧಾರವಾಡದ ನದಾಫ ಸಾಹೇಬರ ಕೈ. ನಿವೃತ್ತ ಬಸ್ ಕಂಡಕ್ಟರು, ಗುಲಾಬಿಯ ಹುಚ್ಚಿನವರು. ತಮ್ಮ ಹೂದೋಟದ ಬಳಗಕ್ಕೆ ನನ್ನನ್ನು ಒಪ್ಪಿಸಿ, "ಹೂವಾ ನೋಡಿದ್ದು ಸಾಕ್ರೀ, ಇನ್ಮ್ಯಾಲೆ ಹಕ್ಕಿನೂ ನೋಡೂಣು" ಅಂದರು.

ಬಳಗದವರು ಎಂಥವರು ಗೊತ್ತೇ? ಒಂದು ಒಣ ಎಲೆ ಬಿದ್ದರೂ ಓಡಿ ಹೋಗಿ ಎತ್ತುವವರು. ಆದರೆ ದಸರೆ ಮುಗಿದ ಮರುದಿನದಿಂದ ತೋಟದ ಮಾವಿನ ಬುಡಕ್ಕೆ ಕಸಬರಿಗೆ ಮುಟ್ಟಿಸುವಂತಿಲ್ಲ. ಚಳಿಗಾಲಕ್ಕೆ ಉತ್ತರದಿಂದ ಬರುವ ನವರಂಗ ಹಕ್ಕಿಗೆ ತರಗೆಲೆ ಕೆದರಿ ಹುಳ ಹೆಕ್ಕುವುದೇ ಊಟ. ಅದಕ್ಕಾಗಿ ಈ ನೇಮ. ಹಕ್ಕಿಯನ್ನು ಮೊದಲು ಕಂಡವರ ಮನೆಯಲ್ಲಿ ಆ ವರ್ಷ ನನ್ನ ವಾಸ. ಗುಡಿಸಲಾಗದೆ ಚಡಪಡಿಸುತ್ತಿದ್ದ ಬಳಗದ ವತ್ಸಲಾಬಾಯಿ, ಕೈ ಸುಮ್ಮನಿರಲೆಂದು ನನ್ನ ಮುಂದಿನ ಎರಡೂ ಗಾಜಿಗೆ ಉಣ್ಣೆಯ ಪುಟ್ಟ ಕುಲಾಯಿ ಹೆಣೆದರು, ಕೂಸಿನ ತಲೆಗೆ ಹೆಣೆದ ಹಾಗೆ.

ಹಕ್ಕಿ ಮೊದಲು ಕಾಣುತ್ತಿದ್ದುದು ಹೆಚ್ಚಾಗಿ ನೀಲಾಂಬಿಕಾ ಅಕ್ಕೋರಿಗೇ. ಕನ್ನಡ ಸಾಲೆಯಲ್ಲಿ ಕಲಿಸಿದವರು. ಹಗಲೆಲ್ಲ ಓದು, ಸಂಜೆ ಗಿಡಗಳ ಜೊತೆ ಮಾತು. ಒಂದು ವರ್ಷ ಅವರ ಮನೆಯಲ್ಲಿದ್ದಾಗಲೇ ನನಗೆ ತಳಮಳ ಶುರುವಾದದ್ದು. ನನ್ನ ಬಲ ಕೊಳವೆಗೆ ಅವರ ಕಣ್ಣು ಬರುತ್ತಿತ್ತು, ನೋಟ ಬರುತ್ತಿರಲಿಲ್ಲ. ಅದು ಅವರಿಗೇ ತಿಳಿದಿರಲಿಲ್ಲ. ಎಡಗಣ್ಣು ಇಬ್ಬರ ಕೆಲಸವನ್ನೂ ಸದ್ದಿಲ್ಲದೆ ಮಾಡುತ್ತಿತ್ತು. ಹೇಗೆ ಹೇಳಲಿ? ನನಗೆ ತೋರಿಸಲು ಬರುತ್ತದೆ, ಹೇಳಲು ಬರುವುದಿಲ್ಲ.

ಮುಂದಿನ ಅಕ್ಟೋಬರಿನ ಒಂದು ಮುಂಜಾನೆ ಮಾವಿನ ಬುಡದಿಂದ ಎರಡು ಸ್ವರದ ಸಿಳ್ಳು ಕೇಳಿತು. "ಬಂತು ಬಂತು! ಅಕ್ಕೋರ, ನೀವ ನೋಡ್ರಿ ಮೊದಲ!" ಎಂದು ನದಾಫ ಸಾಹೇಬರು ಗಡಿಬಿಡಿಯಲ್ಲಿ ಎಡಗಡೆಯ ಕುಲಾಯಿಯನ್ನಷ್ಟೇ ಕಿತ್ತು ನನ್ನನ್ನು ಅವರ ಕೈಗಿತ್ತರು.

ಅಕ್ಕೋರು ಬಹಳ ಹೊತ್ತು ನೋಡಿದರು. "ಹಸರ ಬೆನ್ನು, ಹೊಟ್ಟಿ ಕೆಳಗ ಕೆಂಪ. ಹೋದ ವರ್ಷದ್ದ ಐತಿ, ನಮ್ಮ ಮನಿಮಗಾ!"

ವತ್ಸಲಾಬಾಯಿಗೆ ನಗು ತಡೆಯಲಾಗಲಿಲ್ಲ. "ಅಯ್ಯ ಅಕ್ಕೋರ, ಒಂದು ಕುಲಾಯಿ ಹಾಂಗೇ ಅದಲ್ರೀ! ಟೊಪಗಿ ಹಾಕ್ಕೊಂಡು ಯಾವ ಹಕ್ಕಿ ನೋಡಲಿಕ್ಕತ್ತೀರಿ?"

ಎಲ್ಲರೂ ನಕ್ಕರು. ನದಾಫ ಸಾಹೇಬರ ನಗು ಮಾತ್ರ ಅರ್ಧಕ್ಕೇ ನಿಂತಿತು. "ಬಲಗಡೆ ಕತ್ತಲಿ ಅನಸಲಿಲ್ಲೇನ್ರಿ?"

ಅಕ್ಕೋರು ನನ್ನನ್ನು ಇಳಿಸಿ, ಅಂಗೈಯಿಂದ ಎಡಗಣ್ಣು ಮುಚ್ಚಿಕೊಂಡರು.

"ನದಾಫರ, ಬೆಳಕು ಹರದೈತಲ್ರಿ?"

ಬಿಸಿಲು ಅವರ ಮುಖದ ಮೇಲೇ ಇತ್ತು.

ಹಕ್ಕಿಯನ್ನು ಅಲ್ಲೇ ಬಿಟ್ಟು ಎಲ್ಲರೂ ಕಣ್ಣಿನ ಆಸ್ಪತ್ರೆಗೆ ನಡೆದರು. ನಾನು ವತ್ಸಲಾಬಾಯಿಯ ಚೀಲದಲ್ಲಿದ್ದೆ. ಕಣ್ಣೊಳಗಿನ ಒತ್ತಡ ಏರಿ ಬಲಗಣ್ಣು ಹೋಗಿದೆ, ಮರಳಿ ಬಾರದು. ಎಡಗಣ್ಣಿಗೂ ಅದೇ ಶುರುವಾಗಿದೆ, ದಿನಾ ಹನಿ ಹಾಕಿದರೆ ಉಳಿಸಿಕೊಳ್ಳಬಹುದು ಎಂದರು ಡಾಕ್ಟರು. ಹೊರಗೆ ಬೆಂಚಿನ ಮೇಲೆ ವತ್ಸಲಾಬಾಯಿ, "ನಕ್ಕುಬಿಟ್ಟೆನಲ್ರೀ ನಾನು" ಎಂದು ಅಳುತ್ತಿದ್ದರು.

"ನೀ ನಗಲಿಲ್ಲಂದ್ರ ಇದೂ ಹೋಗತಿತ್ತು. ಸುಮ್ನಿರ ತಾಯಿ," ಅಂದರು ಅಕ್ಕೋರು.

ಅದಾಗಿ ಏಳು ವರ್ಷ. ಒಂದು ಮಳೆಗಾಲ ನನ್ನ ಬಲ ಕೊಳವೆಯೊಳಗೂ ಬೂಷ್ಟು ಬೆಳೆಯಿತು. ಬಳಗ ಹೊಸ ದುರ್ಬೀನು ತಂದಿತು. ನನ್ನನ್ನು ಗುಜರಿಗೆ ಹಾಕುವ ಮಾತು ಬಂದಾಗ ಅಕ್ಕೋರು, "ನನಗ ಕೊಡ್ರಿ. ಇದಕ್ಕೂ ನನಗೂ ಜೋಡಿ ಕೂಡತೈತಿ" ಅಂದರು.

ಈಗ ಅವರ ಕಿಟಕಿಯಲ್ಲಿದ್ದೇನೆ, ಕಣ್ಣಿನ ಹನಿಯ ಶೀಶೆಯ ಪಕ್ಕ. ದಸರೆ ಬಂತೆಂದರೆ ಒಳಗಿನ ಕುದುರೆ ನೆಲ ಕೆದರುತ್ತದೆ. ಎಷ್ಟು ದೂರವನ್ನು ಹತ್ತಿರ ತಂದೆನೆಂದು ಬೀಗುವ ಹೊತ್ತಿಗೆ, ನನಗೆ ಆಗದ್ದನ್ನು ಒಂದು ಹಿಡಿ ಉಣ್ಣೆ ಮಾಡಿತಲ್ಲ ಎಂದು ನೆನಪಾಗುತ್ತದೆ.

ಇವತ್ತು ಮುಂಜಾನೆ ಸಿಳ್ಳು ಕೇಳಿತು. ಅಕ್ಕೋರು ಹನಿ ಹಾಕಿಕೊಂಡು ಕಣ್ಣು ಮುಚ್ಚಿ ಕೂತಿದ್ದರು. "ತಡಿ ತಡಿ, ಬಂದೆ" ಎಂದು ಕೈಚಾಚಿ ನನ್ನನ್ನು ಎತ್ತಿಕೊಂಡರು.

ಒಂದೇ ಕುಲಾಯಿ ತೆಗೆದರು.