ನಿಧಾನದ ಗಾಡಿ

"ಇನ್ನೊಂದು ಸಲ ಶುರು ಮಾಡಿ," ಎಂದಳು ರಿಸ್ತೆನ್.

ಅಂಗಡಿಯವನು ಬೇಸರದಿಂದಲೇ ಮತ್ತೆ ಹಗ್ಗ ಎಳೆದ. ಹಳದಿ ಬಣ್ಣದ ಹಿಮದ ಸ್ಕೂಟರ್ ಕೆಮ್ಮಿ, ಗೊಣಗಿ, ಒಂದು ಹದಕ್ಕೆ ಬಂದಿತು. ಅವಳು ಟೋಪಿ ಸರಿಸಿ ಕಿವಿಗೊಟ್ಟಳು. ಪಕ್ಕದ ಕೆಂಪು ಗಾಡಿಯನ್ನು ಅವನು ಬೆಳಗಿನಿಂದ ಹೊಗಳಿ ಸುಸ್ತಾಗಿದ್ದ. ಅದು ಗಾಳಿಯ ಹಾಗೆ ಓಡುತ್ತದಂತೆ, ಅಬ್ಬರಿಸುತ್ತದಂತೆ. ಅವಳಿಗೆ ಬೇಕಾಗಿದ್ದುದು ಹಿಮಸಾರಂಗದ ಹಿಂಡಿನ ಹತ್ತಿರ ಸದ್ದಿಲ್ಲದೆ ಹೋಗುವ ಗಾಡಿ.

ಬಾಗಿಲಲ್ಲಿ ಮೈದುನ ಯೊವ್ನಾ ನಿಂತಿದ್ದ, ತನ್ನ ಗಾಡಿಗೆ ಬೆಲ್ಟು ಕೊಳ್ಳಲು ಬಂದವನು. "ಕಟ್ಟಿಗೆ ತರೋಕೆ ಇದು ಸಾಕು ಬಿಡಿ ಅತ್ತಿಗೆ," ಎಂದ. "ಹಿಂಡು ನೋಡ್ಕೊಳ್ಳೋಕೆ ನಾನಿದೀನಲ್ಲ."

"ನಂಗೂ ಕಟ್ಟಿಗೆ ತಂದ್ರೆ ಸಾಕಪ್ಪ," ಎಂದು ನಕ್ಕಳು. ಆ ನಗು ತರಿಸಿಕೊಳ್ಳಲು ಅವಳು ಪಟ್ಟ ಪಾಡು ಅವಳಿಗೇ ಗೊತ್ತು.

ಗಂಡ ಐಲು ಕಳೆದ ಶರತ್ಕಾಲದ ಎಳೆ ಮಂಜುಗಡ್ಡೆ ಒಡೆದು ಸರೋವರದಲ್ಲಿ ಮುಳುಗಿದ್ದ. ಊರೆಲ್ಲ ಹೆಣ ಹುಡುಕುತ್ತಿದ್ದಾಗ ಹಿಮಸಾರಂಗದ ಮರಿಗಳ ಕಿವಿಗೆ ಒಡೆತನದ ಗುರುತು ಕೊಯ್ಯಲು ಗುಡ್ಡಕ್ಕೆ ಹೋದವನು ಯೊವ್ನಾ ಒಬ್ಬನೇ. ಅತ್ತಿಗೆಯ ಮರಿಗಳನ್ನೆಲ್ಲ ತೋಳ ತಿಂದಿತೆಂದು ಬಂದು ಹೇಳಿದ. ಆಮೇಲೆ ನೋಡಿದರೆ ಅವನ ಗುರುತಿನ ಮರಿಗಳು ಹಿಂಡಿನ ತುಂಬ. ಜನಕ್ಕೆ ಕಣ್ಣಿರಲಿಲ್ಲವೆಂದಲ್ಲ, ಅಣ್ಣತಮ್ಮಂದಿರ ಮನೆಯ ಮಾತು ನಮಗೇಕೆಂದು ಸುಮ್ಮನಾದರು. ಅತ್ತೆ ಸುನ್ನಾ ಮಾತ್ರ ಯೊವ್ನಾನ ಪರ ವಹಿಸಿ ಬಾಯಿಬಿಟ್ಟಿದ್ದಳು: "ಯಾರು ವಿಧವೆ, ಯಾರು ಮುತ್ತೈದೆ ಅಂತ ತೋಳಕ್ಕೆ ಗೊತ್ತಾಗುತ್ತೇನೆ?" ಆ ಮಾತು ರಿಸ್ತೆನ್‌ಳ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಮೈದುನನ ಕಳ್ಳತನವನ್ನಾದರೂ ಒಂದು ದಿನ ಮರೆತಾಳು, ಇದನ್ನು ಮರೆಯಲಾರಳು.

ಎಂಜಿನ್ ಪಳಗುವ ತನಕ ಅರ್ಧಕ್ಕಿಂತ ಹೆಚ್ಚು ವೇಗ ಬೇಡ, ಪೆಟ್ರೋಲಿಗೆ ಎಣ್ಣೆ ತುಸು ಜಾಸ್ತಿ ಬೆರೆಸಿ ಎಂದು ಅಂಗಡಿಯವನು ಹೇಳಿ ಕಳಿಸಿದ. ಯೊವ್ನಾ ತನ್ನ ಮೊದಲ ಗಾಡಿಯನ್ನು ಕೊಂಡ ದಿನವೇ ಹೆಪ್ಪುಗಟ್ಟಿದ ಸರೋವರದ ಮೇಲೆ ಹುಚ್ಚಾಪಟ್ಟೆ ಓಡಿಸಿ ಸುಟ್ಟುಕೊಂಡಿದ್ದನ್ನು ಊರೇ ನೋಡಿತ್ತು.

ಮರುದಿನ ಬೆಳಿಗ್ಗೆ ಅವಳು ಸೊಂಟಕ್ಕೆ ಚಾಕು ಸಿಕ್ಕಿಸಿ ಹೊರಟಳು. ಕೈಗೆ ಸಿಕ್ಕಷ್ಟು ಮರಿ ಹಿಡಿದು, ಅವನ ಗುರುತಿನ ಮೇಲೆ ತನ್ನದನ್ನು ಕೊಯ್ದು ಬರುವುದೆಂದು ಲೆಕ್ಕ ಹಾಕಿದ್ದಳು. ಒಳಗೆ ಕುದಿಯುತ್ತಿದ್ದ ಸಿಟ್ಟು ಓಡು ಓಡು ಎನ್ನುತ್ತಿತ್ತು. ಗಾಡಿ ನೀಲಿ ಹೊಗೆ ಬಿಡುತ್ತ ಬಸುರಿಯಂತೆ ಸಾಗುತ್ತಿತ್ತು. ಎಂಜಿನ್ ಕಾದ ವಾಸನೆ ಬಂದಾಗಲೆಲ್ಲ ನಿಲ್ಲಿಸಿ, ಹೊಸದಾಗಿ ನೊಗ ಹೊತ್ತ ಸಾರಂಗವನ್ನು ರಮಿಸುವ ಹಾಗೆ ಅದರ ಮೂತಿ ಸವರಿದಳು. ಇಷ್ಟು ದಿನ ಕಾದವಳು ಇನ್ನೊಂದಿಷ್ಟು ಹೊತ್ತು ಕಾಯಬಲ್ಲಳು.

ಹಿಂಡು ಇಳಿಜಾರಿನಲ್ಲಿ ಹಿಮ ಕೆದಕಿ ಮೇಯುತ್ತಿತ್ತು. ಯೊವ್ನಾನ ಗಾಡಿಯ ಸದ್ದಿಗೆ ದಿಕ್ಕಾಪಾಲಾಗಿ ಓಡುವ ಸಾರಂಗಗಳು ಇವಳನ್ನು ಕಂಡು ತಲೆಯೆತ್ತಿದವು, ಮತ್ತೆ ಮೇಯತೊಡಗಿದವು. ಆಗ ಅವಳಿಗೆ ಕಂಡಿತು. ತನ್ನ ಗುರುತಿನ ತಾಯಿ ಮುಂದೆ ಹೆಜ್ಜೆಯಿಟ್ಟಿತು, ಅದರ ಬೆನ್ನಿಗೇ ಯೊವ್ನಾನ ಗುರುತಿನ ಮರಿ. ಅತ್ತ ಇನ್ನೊಂದು ತಾಯಿ, ಇನ್ನೊಂದು ಮರಿ. ಮರಿ ಯಾವ ತಾಯಿಯ ಹಿಂದೆ ಹೋಗುತ್ತದೋ ಆ ತಾಯಿಯ ಒಡೆಯರದೇ ಮರಿ. ಆ ಸೀಮೆಯಲ್ಲಿ ಅದಕ್ಕಿಂತ ದೊಡ್ಡ ನ್ಯಾಯವಿಲ್ಲ.

ಚಾಕುವಿನ ಮೇಲಿಟ್ಟ ಕೈಯನ್ನು ಅವಳು ಹಿಂದಕ್ಕೆ ತೆಗೆದಳು. ಈಗ ಕದ್ದುಮುಚ್ಚಿ ಕೊಯ್ದರೆ ತಾನೂ ಕಳ್ಳಿಯೇ. ಇದನ್ನು ನೋಡಬೇಕಾದವರು ಬೇರೆ ಇದ್ದರು. ಖುಷಿಯಲ್ಲೂ ಅರ್ಧ ವೇಗ ಮೀರದೆ ಗಾಡಿಯನ್ನು ಊರಿನ ಕಡೆ ತಿರುಗಿಸಿದಳು.

ಮಾರನೆಯ ದಿನ ಯೊವ್ನಾ ಪೇಟೆಗೆ ಹೋದದ್ದನ್ನು ನೋಡಿಕೊಂಡು ಅವನ ಮನೆಗೆ ಹೋದಳು. ಹೊಸ ಗಾಡಿಯಲ್ಲಿ ಒಂದು ಸುತ್ತು ಹೋಗಿಬರೋಣ ಬನ್ನಿ ಎಂದು ಅತ್ತೆಯನ್ನು ಕರೆದು, ಹಿಂದೆ ಕಟ್ಟಿದ ಜಾರುಬಂಡಿಯಲ್ಲಿ ತೊಗಲು ಹಾಸಿ ಕೂರಿಸಿದಳು. ಮುದುಕಿ ಮಗುವಿನಂತೆ ಹಿಗ್ಗಿದಳು. ಎಷ್ಟು ಮೆಲ್ಲಗೆ ಹೋಗುತ್ತದೆ, ಮಗನ ಗಾಡಿಯಲ್ಲಿ ಕರುಳು ಬಾಯಿಗೆ ಬರುತ್ತದೆ ಎಂದು ದಾರಿಯುದ್ದಕ್ಕೂ ಹೊಗಳಿದಳು.

ಹಿಂಡಿನ ನಡುವೆ ರಿಸ್ತೆನ್ ಎಂಜಿನ್ ಆರಿಸಿದಳು. ಇಬ್ಬರು ಗಂಡುಮಕ್ಕಳಿಗೂ ಕಿವಿ ಕೊಯ್ಯಲು ಕಲಿಸಿದವಳು ಸುನ್ನಾ. ಅವಳು ಗುರುತು ಓದಿದರೆ ಎರಡು ಮಾತಿಲ್ಲ. ಮುದುಕಿಯ ಕಣ್ಣು ತಾಯಿಯಿಂದ ಮರಿಗೆ, ಮರಿಯಿಂದ ತಾಯಿಗೆ ಹೋಯಿತು. ಮುಖ ಮೆಲ್ಲಗೆ ಬಾಡುತ್ತಿದ್ದುದನ್ನು ಸೊಸೆ ಕಣ್ಣು ತುಂಬ ನೋಡಿದಳು.

"ನನ್ನವೂ ಒಂದಿಷ್ಟು ಇವೆ, ನನ್ನ ಗುರುತಿನವು," ಎಂದಳು ಸುನ್ನಾ ಕೊನೆಗೆ. "ಎಲ್ಲ ನೀನೇ ತಗೋ. ಇದು ಇಲ್ಲಿಗೇ ಮುಗೀಲಿ ಮಗಳೇ."

ಮಗಳೇ ಎಂದು ಅವಳು ಕರೆದದ್ದು ಅದೇ ಮೊದಲು. ಆದರೂ ರಿಸ್ತೆನ್ ತನ್ನ ಮನಸ್ಸು ಕರಗಲು ಬಿಡಲಿಲ್ಲ.

"ನಂಗೆ ನಿಮ್ಮವು ಬೇಡ ಅತ್ತೆ. ತೋಳ ಯಾವುದು ಅಂತ ದೊಡ್ಡಿಯಲ್ಲಿ ಎಲ್ಲರ ಮುಂದೆ ನೀವೇ ಹೇಳ್ಬೇಕು."

ಯಾರ ಸಾರಂಗ ಯಾರದೆಂದು ಹಿಂಡು ಬೇರ್ಪಡಿಸುವ ದಿನ ಎಲ್ಲ ಮನೆಯವರೂ ದೊಡ್ಡಿಯ ಬೇಲಿಗೆ ಆತುಕೊಂಡು ನಿಂತಿದ್ದರು. ಸುನ್ನಾ ಬೇಲಿ ದಾಟಿ ಒಳಗೆ ಬಂದಳು. ಈ ಮರಿಗಳು ಐಲುವಿನ ಹೆಂಡತಿಯವು, ನಾನು ಕಣ್ಣಾರೆ ಕಂಡೆ, ಕೊಯ್ದವನು ನನ್ನ ಮಗ ಎಂದಳು. ದನಿ ಏರಿಸಲಿಲ್ಲ. ಯೊವ್ನಾ ತಾಯಿಯ ಮುಖ ನೋಡಿ ಬೇಲಿಯ ಕಡೆ ಸರಿದ.

ರಿಸ್ತೆನ್ ಅವಸರ ಮಾಡಲಿಲ್ಲ. ಮರಿಗಳನ್ನು ಒಂದೊಂದಾಗಿ ಅವನ ಕಣ್ಣೆದುರಿಗೇ ಹಿಡಿಸಿ, ಅವನ ಗುರುತನ್ನು ಕೊಯ್ದು ಹಾಕಿ ತನ್ನದನ್ನು ಮಾಡಿದಳು. ಒಂದೊಂದು ಕೊಯ್ತಕ್ಕೂ ಹೊಟ್ಟೆ ತಣ್ಣಗಾಯಿತು. ಸಾಕೆನ್ನಿಸಲೇ ಇಲ್ಲ. ಕಿವಿಯ ಚೂರುಗಳು ಹಿಮದ ಮೇಲೆ ಬೀಳುತ್ತಿದ್ದವು, ಸುನ್ನಾ ಮಂಡಿಯೂರಿ ಅವನ್ನು ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. ಮರಿಗಳ ಲೆಕ್ಕಕ್ಕೆಂದು ಕೊಯ್ದ ಚೂರನ್ನು ಒಡೆಯರು ಎಣಿಸಿ ಇಟ್ಟುಕೊಳ್ಳುವುದು ವಾಡಿಕೆ. ಎಲ್ಲ ಮುಗಿದ ಮೇಲೆ ರಿಸ್ತೆನ್ ಕೈಚಾಚಿದಳು.

ಮುದುಕಿ ಆ ಕೈಯನ್ನು ದಾಟಿ ಮಗನ ಬಳಿ ಹೋದಳು. ಅವನ ಬಲಗೈಯ ಕೈಗವಸು ಕಳಚಿ, ಅಂಗೈಗೆ ಚೂರುಗಳನ್ನೆಲ್ಲ ಸುರಿದು, ಬೆರಳುಗಳನ್ನು ಒಂದೊಂದಾಗಿ ಮಡಚಿದಳು. ಆಮೇಲೆ ತಿರುಗಿ ನೋಡದೆ, ಯಾರ ಜಾರುಬಂಡಿಯ ಕಡೆಗೂ ಹೋಗದೆ, ಊರಿನ ದಾರಿ ಹಿಡಿದು ಒಬ್ಬಳೇ ನಡೆದಳು.

ಯೊವ್ನಾ ತನ್ನ ಸ್ಕೂಟರಿನ ಬಳಿ ಬಂದ. ಹಗ್ಗ ಎಳೆಯಬೇಕಾದರೆ ಮುಷ್ಟಿ ಬಿಚ್ಚಬೇಕು, ಬಿಚ್ಚಿದರೆ ತನ್ನ ಗುರುತಿನ ಚೂರುಗಳು ಎಲ್ಲರೆದುರು ಹಿಮಕ್ಕೆ ಬೀಳುತ್ತವೆ. ಬೇಲಿಯ ಸುತ್ತ ಜನ ನೋಡುತ್ತಿದ್ದರು. ಅವನು ಮುಷ್ಟಿ ಬಿಗಿಹಿಡಿದುಕೊಂಡೇ ನಿಂತಿದ್ದ.