ಭಾನುವಾರದ ಹನ್ನೆರಡು ಸ್ಲೈಡುಗಳು

ಸೋಮವಾರ ಬೆಳಿಗ್ಗೆ 7.10. ಕೀಟನಾಶಕ ಬೆರೆಸಿದ ಆಹಾರ ತಿನ್ನುತ್ತಿದ್ದ ಹನ್ನೆರಡು ಹೆಣ್ಣಿಲಿಗಳಲ್ಲಿ ಒಂದೂ ಬೆದೆಗೆ ಬಂದಿರಲಿಲ್ಲ. ಹಿಂದಿನ ದಿನದ ಪುಟದಲ್ಲಿ ಮಾತ್ರ ನಾಲ್ಕು ಬಂದಿವೆ ಎಂದು ಬರೆದಿತ್ತು.

ಪ್ರಯೋಗಾಲಯದ ತಂತ್ರಜ್ಞೆ ಹಳೆಯ ಪುಟಗಳನ್ನು ತಿರುವಿದಳು. ಆರೋಗ್ಯವಂತ ಇಲಿ ನಾಲ್ಕೈದು ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ದಿನವೂ ಅದೇ ಹೊತ್ತಿಗೆ ಯೋನಿಯಿಂದ ಒಂದು ಹನಿ ದ್ರವ ತೆಗೆದು ಸ್ಲೈಡಿಗೆ ಹಚ್ಚಿ ನೋಡಿದರೆ ಅದು ತಿಳಿಯುತ್ತದೆ. ಈ ಹನ್ನೆರಡರ ಚಕ್ರ ತಿಂಗಳಿಂದ ನಿಂತಿತ್ತು, ಕಳೆದ ಮೂರು ಭಾನುವಾರ ಬಿಟ್ಟು.

“ವಾರದ ರಜೆ ಅಂತ ಇಲಿಗಳಿಗೂ ಗೊತ್ತಾಗ್ಹೋಯ್ತಾ?” ಎಂದು ಪಂಜರ ತೊಳೆಯುವವನು ನಕ್ಕ.

ಅವಳು ನಗಲಿಲ್ಲ. ಮುಂದಿನ ಸೋಮವಾರ ವರದಿ ಹೋಗಬೇಕಿತ್ತು. ಆ ಮೂರು ಪುಟ ಉಳಿದರೆ, ಚಕ್ರ ತಾನಾಗಿಯೇ ಸರಿಹೋಗುತ್ತದೆ ಎಂದು ಕೀಟನಾಶಕದ ತಯಾರಕರು ವಾದಿಸಬಹುದು. ಮೊದಲ ಅನುಮಾನ ಆ ತಯಾರಕ ಕಂಪನಿಯ ಪ್ರತಿನಿಧಿಯ ಮೇಲೆ. ಆದರೆ ಬಾಗಿಲ ದಾಖಲೆಯಲ್ಲಿ ಆತನ ಹೆಸರಿರಲಿಲ್ಲ. ಮೂರೂ ಭಾನುವಾರ ಒಳಗೆ ಹೋಗಿದ್ದವಳು ಒಬ್ಬಳೇ, ತಂತ್ರಜ್ಞೆಯ ನಾದಿನಿ. ಅವಳಿಗೆ ಭಾನುವಾರದ ಪರೀಕ್ಷೆಯ ಕೆಲಸ ಕೊಡಿಸಿದವಳು ತಂತ್ರಜ್ಞೆಯೇ. ಕಂಪನಿಯವರು ಇವಳ ಕಿವಿ ಊದಿದ್ದಾರೆಯೇ? ವಾರವಿಡೀ ಅವಳೆದುರು ಮಾತು ನುಂಗಿಕೊಂಡಳು.

ಭಾನುವಾರ ಹೇಳದೆ ಬಂದಳು. ಬಾಗಿಲ ಗಾಜಿನಾಚೆ ನಾದಿನಿ, ಹೋಲಿಕೆಗೆಂದು ಇಟ್ಟಿದ್ದ ವಿಷ ತಿನ್ನಿಸದ ಗುಂಪಿನ ಪ್ರತಿ ಇಲಿಯಿಂದಲೂ ಎರಡು ಹನಿ ತೆಗೆದು, ಎರಡನೆಯ ಸ್ಲೈಡಿಗೆ ವಿಷದ ಗುಂಪಿನ ಸಂಖ್ಯೆ ಅಂಟಿಸುತ್ತಿದ್ದಳು. ವಿಷದ ಗುಂಪಿನ ಪಂಜರಗಳ ಹತ್ತಿರಕ್ಕೂ ಹೋಗಲಿಲ್ಲ.

“ಯಾರೇ ಇದನ್ನ ಹೇಳ್ಕೊಟ್ಟಿದ್ದು?”

ನಾದಿನಿ ಬೆಚ್ಚಿ ತಿರುಗಿದಳು. “ಯಾರೂ ಇಲ್ಲ, ಅತ್ತಿಗೆ.”

“ಕಂಪನಿಯವ್ರು ಬಂದಿದ್ರಾ?”

“ಅವ್ರ ಮುಖಾನೂ ನೋಡಿಲ್ಲ ನಾನು.” ಸ್ವಲ್ಪ ತಡೆದು ಹೇಳಿದಳು: “ನಂಗೀಗ ಎರಡು ತಿಂಗಳು.”

ಹಿಂದೆ ಎರಡು ಸಲ ಅವಳಿಗೆ ಗರ್ಭಪಾತವಾಗಿತ್ತು.

“ಇಲಿ ಮುಟ್ಟೋಕೆ ಕೈಗವಸು ಇತ್ತಲ್ಲೇ. ನಂಗೊಂದು ಮಾತು ಹೇಳೋಕೇನಾಗಿತ್ತು?”

“ನಿಮಗೆ ಹೇಳಿದ್ರೆ ಅಣ್ಣನಿಗೆ, ಅಣ್ಣನಿಂದ ಅಮ್ಮನಿಗೆ. ಈ ಸಲಾನೂ ನಿಲ್ದಿದ್ರೆ ಎಲ್ಲರಿಗೂ ಮತ್ತೆ ಹೇಳ್ಕೊಂಡು ತಿರುಗ್ಲಾ? ಹಿಂದಿನ ತಂಡದ ಇಲಿಗಳ ಅಂಡಾಶಯ ಕುಗ್ಗಿದೆ ಅಂತ ಬರೆದೋರು ನೀವೇ. ಬರೆದಿಟ್ಟು ಆಮೇಲೆ ಇವನ್ನ ಹಿಡ್ಕೋ ಅಂದ್ರೆ ಹೇಗೆ?”

“ಈ ಇಲಿಗಳು ಚಕ್ರ ಕೆಟ್ಟಿದೆ ಅಂತ ತೋರಿಸ್ತಿದ್ವು ಕಣೇ. ನೀನು ಸರಿಯಾಗಿದೆ ಅಂತ ಬರೆದೆ.”

ತಂತ್ರಜ್ಞೆ ಮುಖ್ಯಸ್ಥರಿಗೆ ಫೋನ್ ಮಾಡಿ ಕಂಡದ್ದನ್ನು ಹೇಳಿದಳು. ಅವರು ಕಾರಣ ಕೇಳಿದಾಗ ಫೋನನ್ನು ನಾದಿನಿಯ ಕೈಗಿತ್ತಳು. ವರದಿಯಿಂದ ಮೂರು ಭಾನುವಾರಗಳನ್ನು ಕೈಬಿಡುವುದೆಂದೂ, ಏಕೆಂದು ಅದರಲ್ಲೇ ಬರೆಯುವುದೆಂದೂ, ನಾದಿನಿಯನ್ನು ಕಚೇರಿಯ ಕೆಲಸಕ್ಕೆ ಹಾಕುವುದೆಂದೂ ತೀರ್ಮಾನವಾಯಿತು.

ಆಮೇಲೆ ತಂತ್ರಜ್ಞೆ ಕೈಗವಸು ತೊಟ್ಟು ಹನ್ನೆರಡೂ ಇಲಿಗಳನ್ನು ತಾನೇ ಪರೀಕ್ಷಿಸಿದಳು. ಒಂದೂ ಬೆದೆಗೆ ಬಂದಿರಲಿಲ್ಲ.