ಚಿಟ್ಟುಗಿಳಿಯ ಊಟ

ಲಕ್ಕಣ್ಣ ತರೀಕೆರೆಯಿಂದ ರೈಲಿನಲ್ಲಿ ತಂದ ಗಿಳಿ ನಿನ್ನೆಯಿಂದ ನೀರು ಬಿಟ್ಟು ಬೇರೇನನ್ನೂ ಮುಟ್ಟಿರಲಿಲ್ಲ. ಗಾತ್ರದಲ್ಲಿ ಗುಬ್ಬಚ್ಚಿಯಷ್ಟೇ. ಮೈಯೆಲ್ಲ ಎಳೆಹುಲ್ಲಿನ ಹಸಿರು, ಕೊಕ್ಕು ಕೆಂಪು, ಮೊಂಡು ಬಾಲದ ಮೇಲ್ಭಾಗಕ್ಕೆ ಕುಂಕುಮ ಬಳಿದಂತೆ ಇನ್ನೊಂದಿಷ್ಟು ಕೆಂಪು. ಅವನ ತಾಯಿ ಹುಲಿಗೆಮ್ಮ ಪಂಜರಕ್ಕೆ ಭತ್ತ ಹಾಕಿದಳು, ಹಸಿಮೆಣಸಿನಕಾಯಿ ಸಿಕ್ಕಿಸಿದಳು, ಕಡಲೆಕಾಯಿ ಬಿಡಿಸಿಟ್ಟಳು. ತಮ್ಮೂರು ಚೌಳಹಿರಿಯೂರಿನಲ್ಲಿ ಆಕೆ ಕಂಡ ಗಿಳಿಗಳೆಲ್ಲ ತಿನ್ನುತ್ತಿದ್ದುದು ಅದನ್ನೇ.

“ಒಂದೇ ಒಂದು ಕಾಳು ತಿನ್ನೇ, ನನ್ನವ್ವಾ,” ಎಂದು ಗೋಗರೆದಳು. ಅಮಲ್ದಾರರ ಜವಾನನ ಬಾಯನ್ನೇ ಮುಚ್ಚಿಸಿದ ಹೆಂಗಸು ಹಿಡಿಯಷ್ಟು ಹಕ್ಕಿಯ ಮುಂದೆ ಹೀಗೆ ಅಂಗಲಾಚುತ್ತಾಳೆಂದರೆ ಊರಿನವರು ನಂಬುತ್ತಿರಲಿಲ್ಲ.

ಸೊಸೆ ಅಂಬಮ್ಮನ ಪಾಲಿಗೆ ಮಾತ್ರ ಆ ದನಿ ಇರಲಿಲ್ಲ. ತರೀಕೆರೆಯ ಕಡೆ ಕೆರೆಯ ಕೆಳಗಿನ ಗದ್ದೆಯ ಅನ್ನ ಉಂಡು ಬೆಳೆದ ಹದಿನಾಲ್ಕರ ಹುಡುಗಿ ಅವಳು. ಇಲ್ಲಿ ಅನ್ನವೆಂದರೆ ಹಬ್ಬಕ್ಕೆ, ಮಿಕ್ಕ ದಿನವೆಲ್ಲ ರಾಗಿ. ಮುದ್ದೆಯನ್ನು ನುಂಗಬೇಕು, ಅವಳು ಅಗಿಯುತ್ತಿದ್ದಳು, ಅದು ಗಂಟಲಿಗೆ ಅಂಟಿ ಕಣ್ಣಲ್ಲಿ ನೀರು ಬರುತ್ತಿತ್ತು. ಎರಡೇ ತಿಂಗಳಿಗೆ ಕೈಬಳೆ ಮೊಣಕೈವರೆಗೆ ಜಾರತೊಡಗಿತ್ತು. ಆ ಬೆಳಿಗ್ಗೆ ಮುದ್ದೆಯನ್ನು ಸೆರಗಿನಲ್ಲಿ ಮರೆಮಾಡಿ ಕರುವಿಗೆ ತಿನ್ನಿಸುವಾಗ ಸಿಕ್ಕಿಬಿದ್ದಿದ್ದಳು.

“ನಮ್ಮನೆ ಊಟ ಕಂಡ್ರೆ ಅಸಹ್ಯವೇನೇ?” ಎಂದಿದ್ದಳು ಹುಲಿಗೆಮ್ಮ.

“ಅಸಹ್ಯ ಅಲ್ಲ ಅತ್ತೆ. ಒಳಕ್ಕೆ ಇಳಿಯಲ್ಲ.”

“ನಮಗೆಲ್ಲ ಇಳೀತಿಲ್ವಾ? ನಾನೂ ಸೊಸೆಯಾಗಿ ಬಂದೋಳೇ. ಸೋಮವಾರದೊಳಗೆ ಕಲೀಲಿಲ್ಲ ಅಂದ್ರೆ ನಿಮ್ಮಪ್ಪನ್ನ ಕರೆಸಿ ಜೊತೇಲಿ ಕಳಿಸ್ಬಿಡ್ತೀನಿ.”

ಗಂಡನ ಮನೆಯವರು ಹಿಂದಕ್ಕೆ ಕಳಿಸಿದ ಹುಡುಗಿಯನ್ನು ತವರೂರು ಹೇಗೆ ನೋಡುತ್ತದೆಂಬುದು ಇಬ್ಬರಿಗೂ ಗೊತ್ತಿತ್ತು. ಅಂಬಮ್ಮ ಸೆಗಣಿ ಬಾಚಲು ಕೊಟ್ಟಿಗೆಗೆ ಹೋಗಿದ್ದಳು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಗಿಳಿ ಪಂಜರದ ಮೇಲಿನ ಕಡ್ಡಿಗೆ ಕಾಲು ಕೊಟ್ಟು ತಲೆಕೆಳಗಾಗಿ ನೇತಾಡುತ್ತಿತ್ತು. ಹುಲಿಗೆಮ್ಮ ದೀಪ ಕೆಳಗಿಟ್ಟು ಪಂಜರದತ್ತ ಓಡಿದಳು.

“ಸತ್ತೋಯ್ತಲ್ಲೇ,” ಎಂದು ಕೂಗಿಕೊಂಡಳು.

ಅಂಬಮ್ಮ ಓಡಿ ಬಂದು ನೋಡಿದಳು. “ಸತ್ತಿಲ್ಲ ಅತ್ತೆ. ಚಿಟ್ಟುಗಿಳಿ ಮಲಗೋದೇ ಹಿಂಗೆ, ಬಾವಲಿ ತರ. ನಮ್ಮೂರಲ್ಲಿ ಬೇಕಾದಷ್ಟವೆ. ಹೂವಿನ ರಸ ಹೀರ್ತವೆ, ಅತ್ತಿಹಣ್ಣು ತಿಂತವೆ. ಭತ್ತ, ಮೆಣಸಿನಕಾಯಿ ಮುಟ್ಟಿದ್ದು ನಾನು ಕಂಡಿಲ್ಲ.”

“ನಿನ್ನೆಯೇ ಯಾಕೆ ಹೇಳ್ಲಿಲ್ಲ?”

“ನನ್ನ ಮಾತು ಕೇಳ್ತೀರೋ ಇಲ್ವೋ ಅಂತ ಸುಮ್ಮನಿದ್ದೆ.”

ಬೆಳಗಾದೊಡನೆ ಅಂಬಮ್ಮ ಬಾಳೆಹಣ್ಣು ಹಿಸುಕಿ, ಎರಡು ತೊಟ್ಟು ಜೇನು ಬೆರೆಸಿ ಇಟ್ಟಳು. ಗಿಳಿ ಕಡ್ಡಿಯಿಂದ ಕಡ್ಡಿಗೆ ಕೊಕ್ಕು ಊರುತ್ತ ಇಳಿದು ಬಂದು ನೆಕ್ಕತೊಡಗಿತು. ಹುಲಿಗೆಮ್ಮನ ಸಂತೋಷಕ್ಕೆ ಮಿತಿಯಿಲ್ಲ. ಪಕ್ಕದ ಮನೆಯ ಅಂಜಿನಮ್ಮನನ್ನು ಕೂಗಿ ಕರೆದಳು.

“ನೋಡೇ, ನಾನು ಸೊಕ್ಕು ಅಂದ್ಕೊಂಡಿದ್ದೆ. ಪಾಪ, ಅದರ ಗಂಟಲೇ ಬೇರೆ ಕಣೇ. ಹುಟ್ಟಿದ ಜಾಗದಲ್ಲಿ ತಿಂದಿದ್ದೇ ಅದಕ್ಕೆ ಊಟ. ನಾವು ತಿನ್ನೋದನ್ನೇ ತಿನ್ನು ಅಂದ್ರೆ ಅದು ಉಪವಾಸ ಸಾಯ್ತದೆ, ಅಷ್ಟೇ.”

ಹೇಳುತ್ತ ತಿರುಗಿದರೆ ಅಡುಗೆಮನೆಯ ಮೂಲೆಯಲ್ಲಿ ಅಂಬಮ್ಮ ಮುದ್ದೆಯ ಮುಂದೆ ಕೂತಿದ್ದಳು. ಚೂರು ಮುರಿದು, ಕಣ್ಣು ಬಿಗಿಯಾಗಿ ಮುಚ್ಚಿ, ಕತ್ತು ಉದ್ದ ಮಾಡಿ ನುಂಗಲು ಹೆಣಗುತ್ತಿದ್ದಳು. ಹಕ್ಕಿಗೆ ಮರುಗಿದವಳಿಗೆ ಎದುರಿಗೇ ಕೂತ ಕೂಸು ಎರಡು ತಿಂಗಳಿಂದ ಕಾಣಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಅಂಜಿನಮ್ಮ ಅತ್ತೆಸೊಸೆಯರನ್ನು ನೋಡಿ ತನ್ನ ಮನೆಗೆ ಹೊರಟಳು.

ಹುಲಿಗೆಮ್ಮ ಗುಡಾಣದಿಂದ ಅಕ್ಕಿ ತೆಗೆದು ಒಲೆ ಹಚ್ಚಿದಳು. ಅನ್ನ ಬೆಂದ ಮೇಲೆ ಸೊಸೆಯ ತಟ್ಟೆಗೆ ತಾನೇ ಬಡಿಸಿ, ಮಜ್ಜಿಗೆ ಹುಯ್ದು, ಎದುರಿಗೆ ಕೂತಳು.

“ಮುದ್ದೆ ನಿಧಾನಕ್ಕೆ ಕಲ್ತರಾಯ್ತು. ನಿಮ್ಮಪ್ಪನ್ನ ಯಾರೂ ಕರೆಸಲ್ಲ. ನಿಮ್ಮವ್ವ ಏನೇನು ಮಾಡಿ ಹಾಕ್ತಿದ್ಲು, ಹೇಳು.”

ಆ ಮನೆಯಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಅಂಬಮ್ಮ ಹೇಳಹೊರಟಳು, ಅಳು ಬಂತು, ತಲೆ ತಗ್ಗಿಸಿ ಉಣ್ಣತೊಡಗಿದಳು. ತಟ್ಟೆ ಬರಿದಾಯಿತು. ಬೆರಳಿನಿಂದ ತಟ್ಟೆಯ ಅಂಚು ಸವರುತ್ತ ಮೆಲ್ಲಗೆ ಕೇಳಿದಳು:

“ಅತ್ತೆ, ಇನ್ನೊಂದು ಸೌಟು ಹಾಕ್ತೀರಾ?”